ಕಪಾಟಿನ ಸಂದಿಯ ಸ್ಟೂಲು

ಸುದ್ದಿ ಬಂದಾಗ ನಾನು ಸ್ಟುಡಿಯೋದಲ್ಲಿ ಒಬ್ಬ ಮದುಮಗನ ಗದ್ದ ಸರಿಪಡಿಸುತ್ತಿದ್ದೆ. "ಸ್ವಲ್ಪ ಕೆಳಗೆ, ಇನ್ನೂ ಸ್ವಲ್ಪ, ಹಾಗೇ ಇರಿ" ಎಂದು ಹೇಳಿ ಕ್ಯಾಮೆರಾದ ಹಿಂದಕ್ಕೆ ಬರುವಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ನೋಡಿದರೆ ತಮ್ಮನದು. ಕೆಲಸದ ನಡುವೆ ಫೋನು ಮಾಡಿ ಹರಟುವುದು ಅವನ ಹಳೆಯ ಚಾಳಿ. "ಏನೋ ನಿಂದು ಗಲಾಟೆ?" ಎಂದೆ. ಆ ಕಡೆಯಿಂದ ಬಂದದ್ದು ಬೇರೆ ದನಿ.

"ಸರ್, ನಾನು ಬಸ್ ಕಂಡಕ್ಟರು. ಈ ಫೋನಿನವರು ನಿಮಗೇನಾಗಬೇಕು?"

"ನನ್ನ ತಮ್ಮ. ಯಾಕೆ, ಫೋನು ಬಸ್ಸಲ್ಲೇ ಬಿಟ್ಟು ಹೋದನಾ?"

"ಇಲ್ಲ ಸರ್. ಅವರು ಇಲ್ಲೇ ಇದ್ದಾರೆ. ಕೊನೇ ಸ್ಟಾಪು ಬಂದ್ರೂ ಇಳೀಲಿಲ್ಲ. ಬ್ಯಾಗು ತೊಡೆ ಮೇಲಿಟ್ಕೊಂಡು ಕಿಟಕಿಗೆ ತಲೆ ಆನಿಸಿದ್ರು. ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ ಅಂತ ಎಬ್ಬಿಸೋಕೆ ಮನಸ್ಸೇ ಬರಲಿಲ್ಲ ಸರ್."

ಆಮೇಲೆ ಅವನು ಆಸ್ಪತ್ರೆಯ ವಿಷಯ ಏನೋ ಹೇಳಿದ. ನಾನು ಹೂಂಗುಟ್ಟಿದೆ. ಮದುಮಗ ಪಾಪ, ನಾನು ಹೇಳಿದಂತೆಯೇ ಗದ್ದ ಹಿಡಿದುಕೊಂಡು ಅಲ್ಲಾಡದೆ ಕೂತಿದ್ದ. ಒಳಗಿನ ಕೋಣೆಯಿಂದ ರಟ್ಟು ಕತ್ತರಿಸುವ ಸದ್ದು ಕೇಳಿಬರುತ್ತಿತ್ತು. ತಮ್ಮನ ಹೆಂಡತಿ ಚೌಕಟ್ಟಿನ ಕೆಲಸ ಮಾಡುತ್ತಿದ್ದಳು. ಆ ಸದ್ದು ನಿಲ್ಲುವವರೆಗೆ ಕಾಯೋಣ ಎನ್ನಿಸಿತು. ನಿಂತಮೇಲೆ ಒಳಗೆ ಹೋಗಿ ಹೇಳಿದೆ.

ನಾನು ಮದುವೆಯಾದವನಲ್ಲ. ತಮ್ಮನ ಮನೆಯೇ ನನ್ನ ಮನೆ, ಸ್ಟುಡಿಯೋದ ಮಹಡಿಯ ಮೇಲೆ. ಅಂಗಡಿ ಒಂದೇ, ಕೆಲಸ ಎರಡು. ಸ್ಟುಡಿಯೋದೊಳಗಿನ ಫೋಟೋ ನನ್ನದು: ಪರದೆ, ದೀಪ, ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ನನ್ನ ಭಾರಿ ಕ್ಯಾಮೆರಾ, ಅದಕ್ಕೆ ಒಂದು ಉದ್ದನೆಯ ಲೆನ್ಸು. ಹೊರಗಿನ ಕೆಲಸವೆಲ್ಲ ತಮ್ಮನದು. ಜನರ ಮನೆಗೆ, ಅಂಗಡಿಗೆ, ಅಡುಗೆಮನೆಗೆ ಹೋಗಿ ಅವರು ಇದ್ದಲ್ಲಿಯೇ ಅವರನ್ನು ತೆಗೆಯುವುದು. ಬೀದಿಯವರು ನನ್ನನ್ನು ದೊಡ್ಡ ಫೋಟೋದವರು, ಅವನನ್ನು ಸಣ್ಣ ಫೋಟೋದವರು ಎನ್ನುತ್ತಿದ್ದರು. ವಯಸ್ಸಿಗಿಂತ ಹೆಚ್ಚಾಗಿ ಇದು ನಮ್ಮ ಸಾಮಾನುಗಳಿಗೆ ಬಂದ ಹೆಸರು. ಅವನದು ಅಂಗೈಯಲ್ಲಿ ಹಿಡಿಯುವಂಥ ಮಿರರ್‌ಲೆಸ್ ಕ್ಯಾಮೆರಾ. ಅದಕ್ಕೆ ಹಾಕುತ್ತಿದ್ದ ಲೆನ್ಸು ಇನ್ನೂ ಪುಟ್ಟದು. ಅಗಲವಾಗಿ ಕಾಣುವ ಲೆನ್ಸು, ಝೂಮ್ ಇಲ್ಲ. ಹತ್ತಿರ ಬೇಕಾದರೆ ನಾವೇ ಹತ್ತಿರ ಹೋಗಬೇಕು, ದೂರ ಬೇಕಾದರೆ ನಾವೇ ಹಿಂದೆ ಸರಿಯಬೇಕು. ಕೋಟಿನ ಗುಂಡಿಯಷ್ಟೇ ಇದೆಯಲ್ಲೋ ಎಂದು ನಾನು ಅದಕ್ಕೆ ಗುಂಡಿ ಎಂದೇ ಹೆಸರಿಟ್ಟಿದ್ದೆ.

"ಗುಂಡಿ ಬಿದ್ದು ಹೋದೀತು, ದಾರ ಹಾಕಿ ಹೊಲಿಸ್ಕೋ" ಎನ್ನುತ್ತಿದ್ದೆ.

"ನಿನ್ನ ತೋಪಿನ ಹಾಗೆ ಗಾಡೀಲಿ ಎಳಕೊಂಡು ಹೋಗೋದಕ್ಕಿಂತ ವಾಸಿ" ಎನ್ನುತ್ತಿದ್ದ. "ಅಣ್ಣಾ, ನೀನು ಯಾರನ್ನೇ ನೋಡಲಿ, ದೂರ ನಿಂತ್ಕೊಂಡೇ ನೋಡೋದು. ದೇವರ ಮುಂದೆ ನಿಂತ್ರೂ ಕೋಣೆಯ ಆ ಮೂಲೇಲಿ ನಿಲ್ತೀಯ. ಅವನಿಗೆ ನಿನ್ನ ಮಾತು ಕೇಳಿಸೋದಾದ್ರೂ ಹೇಗೆ?"

"ಅವನ ಕಿವಿ ನಿನ್ನ ಕಿವಿಯಂಥದ್ದಲ್ಲ, ಹೋಗು" ಎನ್ನುತ್ತಿದ್ದೆ.

ಬೆಳಗ್ಗೆ ಸಂಜೆ ಪ್ರಾರ್ಥನೆ ಮಾಡುವವನು ನಾನು. ಚಿಕ್ಕಂದಿನಿಂದ ಬಿಟ್ಟವನಲ್ಲ. ತಮ್ಮ ಹೋದಮೇಲೆಯೂ ಬಿಡಲಿಲ್ಲ. ಆದರೆ ಆ ದಿನಗಳಲ್ಲಿ ಎದುರಿಗೆ ನಿಂತು ಬಾಯಿ ತೆರೆದರೆ ಮಾತು ಬರುತ್ತಿರಲಿಲ್ಲ. ಕೈ ಜೋಡಿಸಿ ನಿಂತು, ಕೈ ಬಿಡಿಸಿ, ಕೆಳಗಿಳಿದು ಅಂಗಡಿ ತೆರೆಯುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಹಾಸಿಗೆ ಅಂಗಡಿಯವನು ಬಂದ. ನಾಲ್ಕು ಬಸ್ ಸ್ಟಾಪಿನಾಚೆ ಅವರ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ದೊಡ್ಡ ಆಳು, ಮೀಸೆಯ ಮೇಲೆಲ್ಲ ಹತ್ತಿಯ ಎಳೆ. ಸಂತಾಪದ ಎರಡು ಮಾತಾಡಿ, ಹೋಗಲೂ ಆರದೆ ಇರಲೂ ಆರದೆ ಬಾಗಿಲಲ್ಲಿ ನಿಂತ.

"ಏನಪ್ಪಾ?" ಎಂದೆ.

"ಹೇಳಬಾರದು, ಆದ್ರೂ ಹೇಳ್ತೀನಿ. ಅವತ್ತು ನಿಮ್ಮ ತಮ್ಮ ನಮ್ಮನೆಯಿಂದಾನೇ ಬಸ್ಸು ಹತ್ತಿದ್ದು. ನಮ್ಮಮ್ಮ ಹಾಸಿಗೆ ಹಿಡಿದಿದ್ದಾಳಲ್ಲ, ಅವಳ ಕೋಣೇಲಿ ಮನೆಯವರೆಲ್ಲ ಸೇರಿ ಒಂದು ಫೋಟೋ ಬೇಕು ಅಂತ ಅವಳ ಆಸೆ. ಕೋಣೆ ನೋಡಿಕೊಂಡು, ಬೆಳಕು ನೋಡಿಕೊಂಡು, ಭಾನುವಾರ ಬರ್ತೀನಿ ಅಂತ ಮಾತು ಕೊಟ್ಟು ಹೋಗಿದ್ರು. ಅಮ್ಮನಿಗೆ ಸುದ್ದಿ ಹೇಳಿದ್ದೀವಿ. ಅತ್ತಳು. ಆದ್ರೂ ಮಾರನೇ ದಿನದಿಂದ 'ಫೋಟೋದವರು ಬಂದ್ರಾ' ಅಂತ ಕೇಳೋದು ಬಿಟ್ಟಿಲ್ಲ. ಡಾಕ್ಟರು ಹೆಚ್ಚು ದಿನ ಇಲ್ಲ ಅಂದಿದ್ದಾರೆ."

"ಅಮ್ಮನ್ನ ಎತ್ತಿಕೊಂಡು ಇಲ್ಲಿಗೇ ಕರಕೊಂಡು ಬನ್ನಿ. ಆರಾಮಾಗಿ ತೆಗೆದುಕೊಡ್ತೀನಿ."

"ಅಲ್ಲಾಡಿಸಬಾರದಂತೆ. ಅದೂ ಅಲ್ದೆ ಅವಳು ಒಪ್ಪೋದಿಲ್ಲ. ಅವಳೇ ಹೊಲಿದ ಹಾಸಿಗೆ, ಅದರ ಮೇಲೇ ಆಗಬೇಕಂತೆ."

ಒಳಗಿನಿಂದ ತಮ್ಮನ ಹೆಂಡತಿ ಬಂದಳು. ಕೈಯಲ್ಲಿ ತಮ್ಮನ ಕ್ಯಾಮೆರಾದ ಆ ಬ್ಯಾಗು. ಕಂಡಕ್ಟರು ತಂದುಕೊಟ್ಟ ದಿನದಿಂದ ಅದನ್ನು ಯಾರೂ ತೆರೆದಿರಲಿಲ್ಲ. ಅವಳು ಅದನ್ನು ನನ್ನ ಮುಂದೆ ಮೇಜಿನ ಮೇಲಿಟ್ಟಳು.

"ಭಾವ, ಅವರು ಮಾತು ಕೊಟ್ಟಿದ್ರಲ್ಲ" ಎಂದಳು. ಅಷ್ಟೇ.

ನನ್ನ ತಮ್ಮ ಈ ಲೋಕದಲ್ಲಿ ಬಾಕಿ ಉಳಿಸಿ ಹೋದ ಮಾತು ಅದೊಂದೇ. ಅದನ್ನು ನಡೆಸಿಕೊಡದೆ ಅವನಿಗಾಗಿ ಪ್ರಾರ್ಥನೆ ಮಾಡುವುದಕ್ಕೆ ನನಗೆ ಮುಖವಿರಲಿಲ್ಲ. ಬರುತ್ತೇನೆ ಎಂದೆ.

ನನ್ನ ಭಾರಿ ಕ್ಯಾಮೆರಾ ಆ ಕೋಣೆಯಲ್ಲಿ ಕೆಲಸಕ್ಕೆ ಬಾರದು ಎಂದು ಬಾಗಿಲಲ್ಲಿ ನಿಂತು ನೋಡಿದೊಡನೆ ತಿಳಿಯಿತು. ಕೋಣೆ ಸಣ್ಣದು. ನಟ್ಟನಡುವೆ ಮಂಚ, ಎರಡು ಕಡೆಯಿಂದಲೂ ಅಜ್ಜಿಯ ಆರೈಕೆ ಮಾಡಲು ಅನುಕೂಲವಾಗಲೆಂದು. ತಲೆಯ ಕಡೆ ಕಿಟಕಿ, ಕಾಲಿನ ಕಡೆ ಬಾಗಿಲು. ಒಂದು ಪಕ್ಕದಲ್ಲಿ ಗೋಡೆಯವರೆಗೆ ನಾಲ್ಕು ಜನ ನಿಲ್ಲುವಷ್ಟು ಜಾಗ. ಇನ್ನೊಂದು ಪಕ್ಕದಲ್ಲಿ ಒಂದು ದೊಡ್ಡ ಬಟ್ಟೆಯ ಕಪಾಟು. ಮಂಚಕ್ಕೂ ಕಪಾಟಿಗೂ ನಡುವೆ ಒಂದು ಸಂದಿ, ಅದರಲ್ಲಿ ಗಿಡ್ಡನೆಯ ಸ್ಟೂಲು. ಹಾಸಿಗೆಯ ಅಂಚು ಹೊಲಿಯುವಾಗ ಕೂರುವಂಥದ್ದು.

ಅಜ್ಜಿ ದಿಂಬಿಗೆ ಒರಗಿದ್ದಳು. ದೇಹ ಹಕ್ಕಿಯಷ್ಟು, ದನಿ ಮಾತ್ರ ಮನೆತುಂಬ. "ಬಾರಪ್ಪಾ. ದೊಡ್ಡವನು ನೀನೇನಾ? ನಿನಗಿಂತ ನಿನ್ನ ತಮ್ಮ ಲಕ್ಷಣವಾಗಿದ್ದ."

"ಅಮ್ಮಾ!" ಎಂದ ಮಗ.

"ಇದ್ದದ್ದು ಹೇಳಿದೆ. ಅವನಿಗೇನು ಗೊತ್ತಿಲ್ವಾ?"

"ಗೊತ್ತು ತಾಯೀ" ಎಂದೆ. ಎಲ್ಲರೂ ನಕ್ಕರು. ಮಗ, ಸೊಸೆ, ಕಟ್ಟುಮಸ್ತಾದ ಇಬ್ಬರು ಮೊಮ್ಮಕ್ಕಳು, ಕೂಸನ್ನೆತ್ತಿಕೊಂಡ ಮೊಮ್ಮಗಳು, ಅವಳ ಗಂಡ. ಮೊಮ್ಮಗಳ ಗಂಡ ಬಹಳ ತೆಳ್ಳಗೆ, ಅವನೊಬ್ಬನೇ ಆ ಮನೆಯಲ್ಲಿ ಹೊರಗಿನಿಂದ ಬಂದವನೆಂದು ಹೇಳದೆಯೇ ತಿಳಿಯುತ್ತಿತ್ತು.

ನಾನು ಸ್ಟುಡಿಯೋದಲ್ಲಿ ಮಾಡುವಂತೆಯೇ ಮೊದಲು ಅಡ್ಡವಿದ್ದದ್ದನ್ನು ತೆಗೆಯಲು ತೊಡಗಿದೆ. ಬಕೆಟ್ಟು, ಚಪ್ಪಲಿ, ಔಷಧಿಯ ಮೇಜು. ಸಂದಿಯ ಸ್ಟೂಲಿಗೆ ಕೈ ಹಾಕಿದಾಗ ಅಜ್ಜಿ, "ಅದು ಅಲ್ಲೇ ಇರಲಿ" ಎಂದಳು. "ಫೋಟೋದಲ್ಲಿ ಚೆನ್ನಾಗಿ ಕಾಣೋದಿಲ್ಲ ತಾಯೀ" ಎಂದು ನಾನೇ ಅದನ್ನು ಎತ್ತಿ ಹೊರಗಿಟ್ಟೆ. ಯಾರೂ ತಡೆಯಲಿಲ್ಲ. ದೊಡ್ಡವರು, ಕೆಲಸ ತಿಳಿದವರು ಎಂಬ ಮರ್ಯಾದೆ.

ನನ್ನ ಅಭ್ಯಾಸದಂತೆ ಆದಷ್ಟು ದೂರಕ್ಕೆ ಹೋದೆ. ಬಾಗಿಲ ಚೌಕಟ್ಟಿಗೆ ಬೆನ್ನು ಒತ್ತಿ, ಹೊಟ್ಟೆ ಒಳಗೆಳೆದುಕೊಂಡು, ತಮ್ಮನ ಬ್ಯಾಗಿನಿಂದ ತೆಗೆದ ಕ್ಯಾಮೆರಾದ ಗುಂಡಿಯಿಂದ ನೋಡಿದೆ. ಇಡೀ ಕೋಣೆ ಒಳಗೆ ಬಂತು. ಮೂರು ಗೋಡೆ, ಚಾವಣಿ, ಫ್ಯಾನು, ಮೂಲೆಯ ಜೇಡರ ಬಲೆ ಸಹಿತ. ಭೇಷ್ ಎಂದುಕೊಂಡು ಒತ್ತಿದೆ. ಸದ್ದೇ ಇಲ್ಲ. ಮತ್ತೆ ಒತ್ತಿದೆ. ಆ ಕ್ಯಾಮೆರಾ ಸದ್ದಿಲ್ಲದೆ ಫೋಟೋ ತೆಗೆಯುತ್ತದೆ ಎಂಬುದು ನನಗೆ ಮರೆತೇ ಹೋಗಿತ್ತು. ಟಕ್ ಎನ್ನಲಿ ಎಂದು ಒತ್ತುತ್ತಲೇ ಹೋದೆ.

"ಎಲ್ಲಿ, ತೋರಿಸು" ಎಂದಳು ಅಜ್ಜಿ.

ತೋರಿಸಿದೆ. ಒಂದೇ ಫೋಟೋ ಹತ್ತಾರು ಸಲ ಇತ್ತು. ಅದರಲ್ಲಿ ಮುಂದೆ ಅಜ್ಜಿಯ ಕಾಲುಗಳು ಹೊದಿಕೆಯಡಿ ಒಂದು ಬೆಟ್ಟದಂತೆ ಎದ್ದಿದ್ದವು. ಬೆಟ್ಟದಾಚೆ, ಬಲುದೂರದಲ್ಲಿ, ನಿಂಬೆಹಣ್ಣಿನಷ್ಟು ಅವಳ ಮುಖ. ಮನೆಯವರು ಗೋಡೆಗೆ ಅಂಟಿಸಿದ ಸ್ಟಾಂಪುಗಳು.

ಗೋಡೆಯ ಪಕ್ಕಕ್ಕೆ ಹೋಗಿ ಇನ್ನೊಂದು ತೆಗೆದೆ. ಈ ಸಲ ಅಜ್ಜಿ ಚಿತ್ರದ ತುದಿಗೆ ಬಂದಳು. ಇಂಥ ಅಗಲದ ಲೆನ್ಸು ತುದಿಯಲ್ಲಿದ್ದದ್ದನ್ನು ಹಿಗ್ಗಿಸುತ್ತದೆ ಎಂದು ಕೇಳಿ ಬಲ್ಲೆ, ಕಣ್ಣಿಂದ ಕಂಡದ್ದು ಆಗಲೇ. ಹಕ್ಕಿಯಂಥ ಅಜ್ಜಿಗೆ ಮೊಗದ ತುಂಬ ಕೆನ್ನೆ ಬಂದಿತ್ತು.

"ಇದು ನಾನಾ? ಹೊಸದಾಗಿ ತುಂಬಿದ ದಿಂಬು ಇದ್ದ ಹಾಗಿದೀನಲ್ಲೋ!" ಎಂದು ಅವಳು ಕೆಮ್ಮು ಬರುವಷ್ಟು ನಕ್ಕಳು. ಮಗ ಮಾತ್ರ ನಗಲಿಲ್ಲ. "ಪರವಾಗಿಲ್ಲ ಬಿಡಿ, ಇರೋದು ಇಷ್ಟು ಜಾಗ. ನೀವಾದ್ರೂ ಏನು ಮಾಡ್ತೀರಿ" ಎಂದ. ಅಜ್ಜಿ ನಕ್ಕದ್ದರಿಂದ ನನಗೆ ನೋವಾಗಲಿಲ್ಲ. ಈ 'ಪರವಾಗಿಲ್ಲ' ನೋಯಿಸಿತು.

"ಇನ್ನೊಂದು ಸಲ ಬರ್ತೀನಿ" ಎಂದೆ.

"ಬೇಗ ಬಾ. ನಾನು ಕಾಯ್ತೀನಿ, ನನ್ನನ್ನ ಕರಕೊಂಡು ಹೋಗೋಕೆ ಬರೋನು ಕಾಯಬೇಕಲ್ಲ" ಎಂದಳು ಅಜ್ಜಿ.

ಮನೆಗೆ ಬಂದಾಗ ತಮ್ಮನ ಹೆಂಡತಿ ನನ್ನ ಮುಖ ನೋಡಿಯೇ ಚಹಾ ಇಟ್ಟಳು. ಕ್ಯಾಮೆರಾದ ಹಿಂದಿನ ತೆರೆಯಲ್ಲಿ ಫೋಟೋ ನೋಡಿ, "ಅಯ್ಯೋ, ಕಾಲಿಗೇ ಫೋಟೋ ತೆಗೆದಿದ್ದೀರಲ್ಲ ಭಾವ, ಮುಖ ಯಾಕೆ ಅಡ್ಡ ಬಂತು?" ಎಂದಳು. ಅವನು ಹೋದಮೇಲೆ ಅವಳು ಹಾಸ್ಯದ ಮಾತಾಡಿದ್ದು ಅದೇ ಮೊದಲು. ಇಬ್ಬರೂ ನಕ್ಕೆವು.

ನಮ್ಮ ಅಂಗಡಿಯ ಮುಂಗೋಡೆಯ ಮೇಲೆ ತಮ್ಮನ ಫೋಟೋಗಳಿವೆ. ಚಪ್ಪಲಿ ಹೊಲಿಯುವವನ ಸಂಸಾರ, ಸೂಲಗಿತ್ತಿಯರು ಚಹಾ ಕುಡಿಯುತ್ತಿರುವುದು, ಕುರುಡ ವಾದ್ಯಗಾರ ಮತ್ತು ಅವನ ಶಿಷ್ಯರು. ದಿನವೂ ಧೂಳು ಒರೆಸುವವನು ನಾನೇ. ಅಂದು ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, ಬೇರೊಬ್ಬರ ಕೆಲಸ ನೋಡುವಂತೆ ನೋಡಿದೆ. ಇಷ್ಟು ವರ್ಷ ಈ ಕಸುಬಿನಲ್ಲಿದ್ದವನಿಗೆ ಫೋಟೋ ನೋಡಿದರೆ ತೆಗೆದವನು ಎಲ್ಲಿದ್ದ ಎಂದು ತಿಳಿಯಬೇಕು. ಒಂದರಲ್ಲಿಯೂ ಅವನು ನಿಂತಿರಲಿಲ್ಲ. ಕೂತವರ ಕಣ್ಣಿನ ಮಟ್ಟಕ್ಕೆ ಅವನ ಕಣ್ಣು. ಗೋಡೆಗಳು ನೆಟ್ಟಗೆ ನಿಂತಿದ್ದವು, ಅಂದರೆ ಕ್ಯಾಮೆರಾ ಮೇಲೆ ಕೆಳಗೆ ವಾಲಿರಲಿಲ್ಲ. ಮನೆಯ ಹಿರಿಯರು ನಡುವೆ, ಕೈಚಾಚಿದರೆ ಸಿಗುವಷ್ಟು ಹತ್ತಿರ. ತುದಿಗಳಲ್ಲಿ ಮಾತ್ರ ಒಣಕಲು ಆಳುಗಳು; ಆ ಕಳ್ಳ ಆರಿಸಿ ಆರಿಸಿ ಅವರನ್ನೇ ಅಲ್ಲಿ ನಿಲ್ಲಿಸಿದ್ದ, ಲೆನ್ಸು ಹಿಗ್ಗಿಸಿದರೆ ಅವರಿಗೊಂದಿಷ್ಟು ಮೈ ಬರಲೆಂದು! ಮತ್ತೆ ಎಲ್ಲ ಫೋಟೋದ ಕೆಳಅಂಚಿನಲ್ಲಿಯೂ ಏನಾದರೊಂದು ಇತ್ತು: ಯಾರದೋ ಮೊಣಕಾಲು, ಒಂದು ಲೋಟ, ಬಿಸ್ಕತ್ತಿನ ತಟ್ಟೆಯ ಅಂಚು. ಅವರೆಲ್ಲ ಬಾಗಿಲಿಗೆ ಬಂದವನನ್ನು ನೋಡುವಂತೆ ನೋಡುತ್ತಿರಲಿಲ್ಲ. ಜೊತೆಯಲ್ಲಿ ಕೂತವನನ್ನು ನೋಡುವಂತೆ ನೋಡುತ್ತಿದ್ದರು.

"ಅವನು ಹೋದಲ್ಲೆಲ್ಲ ಕೂತುಬಿಡ್ತಿದ್ದನಾ?" ಎಂದು ತಮ್ಮನ ಹೆಂಡತಿಯನ್ನು ಕೇಳಿದೆ.

"ಕೂತು, ತಿಂದು, ಕುಡಿದು, ಅವರ ಮನೆ ಜಗಳ ಬಿಡಿಸಿ ಬರ್ತಿದ್ರು. ಇಲ್ಲಿಗೆ ಬಂದು 'ಹಸಿವಿಲ್ಲ' ಅಂತಿದ್ರು. ನಾನು ಎಷ್ಟು ಸಲ ಅಡುಗೆ ಎತ್ತಿಟ್ಟಿಲ್ಲ!" ಎಂದಳು.

ಆಗ ನನಗೆ ಸಂದಿಯ ಸ್ಟೂಲು ನೆನಪಾಯಿತು. ಅಜ್ಜಿ 'ಅಲ್ಲೇ ಇರಲಿ' ಎಂದದ್ದು ನೆನಪಾಯಿತು.

ಮಾರನೆಯ ಬೆಳಗ್ಗೆ ಅಂಗಡಿಗೆ ಬೀಗ ಹಾಕಿ ಇಬ್ಬರೂ ಹೋದೆವು. ಹಾಸಿಗೆ ಅಂಗಡಿಯಲ್ಲಿ ಮೊಮ್ಮಕ್ಕಳು ಹತ್ತಿ ಹಿಂಜುತ್ತಿದ್ದರು. ಬಾಗಿಲ ಬಿಸಿಲಿನಲ್ಲಿ ಎಳೆಗಳು ತೇಲುತ್ತಿದ್ದವು. ಅಜ್ಜಿಗೆ ಅಂದು ದನಿ ತುಸು ಇಳಿದಿತ್ತು. ಆದರೆ ನನ್ನನ್ನು ಕಂಡೊಡನೆ, "ಬಂತಪ್ಪಾ ಬೆಟ್ಟ ತೆಗೆಯೋ ಸವಾರಿ" ಎಂದಳು.

"ತಾಯೀ, ಅವತ್ತು ನನ್ನ ತಮ್ಮ ಎಲ್ಲಿ ಕೂತಿದ್ದ?"

ಅವಳು ಸಂದಿಯ ಕಡೆ ಕೈ ಮಾಡಿದಳು. ಸ್ಟೂಲು ಮತ್ತೆ ಅಲ್ಲೇ ಇತ್ತು. "ಅಲ್ಲೇ. ಕೂತು ನಮ್ಮೆಲ್ಲರನ್ನೂ ಗೋಡೆ ಕಡೆ ನಿಲ್ಲಿಸಿ, ಕೂರಿಸಿ, 'ಸಿಕ್ಕಿತಮ್ಮಾ ಜಾಗ, ಈ ಸ್ಟೂಲು ಅಲ್ಲಾಡಿಸಬೇಡಿ, ಭಾನುವಾರ ಬಂದು ಇಲ್ಲೇ ಕೂರ್ತೀನಿ' ಅಂದ. ಸೊಸೆ ಕಸ ಗುಡಿಸೋವಾಗಲೂ ಅದನ್ನ ಸುತ್ತಿಕೊಂಡು ಗುಡಿಸ್ತಾಳೆ. ನೀನು ಬಂದವನೇ ಮೊದಲು ಅದನ್ನೇ ಎತ್ತಿ ಹೊರಗೆ ಹಾಕಿದೆ."

"ಹೇಳಬಾರದಿತ್ತಾ ತಾಯೀ?"

"ಹೇಳಿದೆನಲ್ಲೋ! ಚೆನ್ನಾಗಿ ಕಾಣೋದಿಲ್ಲ ಅಂದೆ."

ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಚಪ್ಪಲಿ ಕಳಚಿ ಸಂದಿಗೆ ಇಳಿದೆ. ಇಳಿದೆ ಎನ್ನುವುದೇ ಸರಿ; ಬೆನ್ನು ಕಪಾಟಿಗೆ, ಮೊಣಕಾಲು ಮಂಚಕ್ಕೆ, ಆಚೆ ಈಚೆ ಅಲುಗುವ ಹಾಗಿಲ್ಲ.

"ಭಾವ, ಏಳೋದು ಹೇಗೆ ಅಂತಾನೂ ಈಗಲೇ ಯೋಚನೆ ಮಾಡ್ಕೊಳ್ಳಿ" ಎಂದಳು ತಮ್ಮನ ಹೆಂಡತಿ.

"ಏಳೋದು ಬೇಡ. ಇನ್ನೊಂದು ಹಾಸಿಗೆ ಹಾಕಿಕೊಡ್ತೀವಿ" ಎಂದ ಮಗ. ಅವನ ಮುಖದಲ್ಲಿ ಹಿಂದಿನ ದಿನದ 'ಪರವಾಗಿಲ್ಲ' ಇರಲಿಲ್ಲ.

ಅಜ್ಜಿಯ ಮುಖ ಎದುರಿಗೇ, ನನ್ನ ಕೈಗೆ ಎಟಕುವಷ್ಟು ಹತ್ತಿರ. ಇಷ್ಟು ಹತ್ತಿರ ನಾನು ಯಾರನ್ನೂ ಫೋಟೋಕ್ಕೆಂದು ನೋಡಿದವನಲ್ಲ. ಕಿಟಕಿಯ ಬೆಳಕು ಪಕ್ಕದಿಂದ ಬಂದು ಅವಳ ಕೆನ್ನೆಯ ಒಂದೊಂದು ಗೆರೆಯಲ್ಲಿಯೂ ಕೂತಿತ್ತು. ಆಚೆಬದಿಯಲ್ಲಿ ಮಗ ಸೊಸೆ ಮಂಚದಂಚಿಗೆ, ಮೊಮ್ಮಕ್ಕಳು ಹಿಂದೆ. ಕೂಸಿನ ತಾಯಿಯನ್ನು ಅಜ್ಜಿಯ ಮಗ್ಗುಲಿಗೆ ಕೂರಿಸಿದೆ. ಈ ಗುಂಡಿ ತುದಿಯವರಿಗೆ ಮೈ ಕೊಡುತ್ತದೆ ಎಂದು ಹೇಳಿ ತೆಳ್ಳನೆಯ ಅಳಿಯನನ್ನು ತುದಿಗೆ ನಿಲ್ಲಿಸಿದೆ.

"ಯಾವಾಗಲೂ ನನ್ನನ್ನೇ ತುದಿಗೆ ಹಾಕ್ತಾರೆ" ಎಂದ ಅವನು.

"ನಿಲ್ಲಪ್ಪಾ, ನಾವು ಊಟ ಹಾಕಿ ಮಾಡಲಾರದ್ದನ್ನ ಈ ಗುಂಡಿ ಮಾಡುತ್ತಂತೆ" ಎಂದಳು ಅವನ ಹೆಂಡತಿ.

ನಾನು ಕ್ಯಾಮೆರಾದ ಹಿಂದಿನ ತೆರೆಯನ್ನು ಮೇಲಕ್ಕೆ ಮಡಚಿ, ಎದೆಯ ಮಟ್ಟದಲ್ಲಿ ನೆಟ್ಟಗೆ ಹಿಡಿದೆ. ಹೀಗೆ ಹಿಡಿದರೆ ಮುಖಕ್ಕೆ ಏನೂ ಅಡ್ಡ ಬರುವುದಿಲ್ಲ. ಎದುರಿನವರ ಜೊತೆ ಮಾತಾಡುತ್ತಲೇ ಇರಬಹುದು. ಹಿಂದಿನವರೂ ಸ್ಪಷ್ಟವಾಗಿ ಬರಲೆಂದು ಲೆನ್ಸಿನ ಕಣ್ಣು ಸ್ವಲ್ಪ ಕಿರಿದು ಮಾಡಿದೆ. ಎಲ್ಲರೂ ಒಳಗೆ ಬಂದಿದ್ದರು. ಒಂದು ಬೆರಳಷ್ಟೂ ಜಾಗ ಹೆಚ್ಚಿಲ್ಲ, ಕಡಿಮೆಯಿಲ್ಲ. ಕೆಳಅಂಚಿನಲ್ಲಿ ಹಾಸಿಗೆಯ ಹೊಲಿಗೆ ಬಂದಿತ್ತು, ಸಾಲುಸಾಲಾಗಿ, ಬಿಡಿಸಿದಂತೆ.

"ಈ ಹೊಲಿಗೆ ನಿಮ್ಮದೇನಾ ತಾಯೀ?"

"ಮತ್ತೆ? ಮದುವೆಯಾಗಿ ಬಂದ ವರ್ಷ ಹೊಲಿದದ್ದು. ಹತ್ತಿ ಎಷ್ಟು ಸಲ ಬದಲಾಯಿಸಿದ್ವೋ, ಬಟ್ಟೆ ಎಷ್ಟು ಸಲ ಬದಲಾಯಿಸಿದ್ವೋ. ಆದ್ರೂ ಅದೇ ಹಾಸಿಗೆ. ಈ ಊರಿನವರ ಮುಖ ನನಗೆ ಅಷ್ಟಾಗಿ ಗೊತ್ತಿಲ್ಲಪ್ಪಾ, ಬೆನ್ನೆಲ್ಲ ಗೊತ್ತು. ಯಾರು ಯಾವ ಮಗ್ಗುಲಲ್ಲಿ ಮಲಗ್ತಾರೆ, ಯಾರ ಮನೇಲಿ ಗಂಡ ಹೆಂಡತಿ ಆ ಅಂಚು ಈ ಅಂಚಿಗೆ ಮಲಗ್ತಾರೆ, ರಿಪೇರಿಗೆ ಬಂದ ಹಾಸಿಗೆ ಎಲ್ಲ ಹೇಳುತ್ತೆ. ನಿಮ್ಮನೇದೂ ಬಂದಿತ್ತು."

"ನಮ್ಮದು ಏನು ಹೇಳಿತು?"

"ನಿಂದು ಒಂದೇ ಕಡೆ ತಗ್ಗು. ಅಲ್ಲಾಡದೆ ಮಲಗೋ ಪೈಕಿ. ನಿನ್ನ ತಮ್ಮಂದು..." ಎಂದು ತಮ್ಮನ ಹೆಂಡತಿಯ ಕಡೆ ನೋಡಿ, "ಬಿಡು, ಅದು ನಡುವೆ ತಗ್ಗು" ಎಂದಳು.

ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ಕೆಂಪಗಾದಳು. ಮನೆಯವರೆಲ್ಲ ಗೊಳ್ಳೆಂದರು. ಕೂಸಿಗೇನು ತಿಳಿಯಿತೋ, ಅದೂ ಕೇಕೆ ಹಾಕಿತು. ಅಜ್ಜಿ ಹಾಸಿಗೆಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು, ಗೆದ್ದವಳಂತೆ ನನ್ನನ್ನೇ ನೋಡುತ್ತಿದ್ದಳು. ಒತ್ತಿದೆ. ಸದ್ದಾಗಲಿಲ್ಲ. ಈ ಸಲ ಕಾಯಲೂ ಇಲ್ಲ.

"ಸರಿ, ಯಾವಾಗ ತೆಗೀತೀಯ? ನನಗೆ ನಿದ್ದೆ ಬರ್ತಿದೆ" ಎಂದಳು ಅಜ್ಜಿ.

"ಆಯ್ತು ತಾಯೀ."

"ಆಯ್ತಾ? ನಿನ್ನ ತಮ್ಮನೂ ಹಾಗೇ. ಮಾತಾಡ್ತಾ ಮಾತಾಡ್ತಾ ಮುಗಿಸಿಬಿಡ್ತಾನೆ ಅಂತ ಎಲ್ಲರೂ ಹೇಳ್ತಿದ್ರು."

ನನ್ನನ್ನು ಸಂದಿಯಿಂದ ಎಬ್ಬಿಸಲು ಇಬ್ಬರು ಮೊಮ್ಮಕ್ಕಳೂ ಬೇಕಾಯಿತು.

ಅಂದೇ ಸಂಜೆ ಪ್ರಿಂಟು ಹಾಕಿದೆ. ತಮ್ಮನ ಹೆಂಡತಿ ಚೌಕಟ್ಟು ಕಟ್ಟಿದಳು. ಗಾಜು ಕೂರಿಸುವ ಮುಂಚೆ ಇಬ್ಬರೂ ದೀಪದ ಕೆಳಗೆ ಹಿಡಿದು ನೋಡಿದೆವು. ಕೆಟ್ಟದಾಗಿರಲಿಲ್ಲ. ಅಳಿಯನಿಗೆ ಸ್ವಲ್ಪ ಮೈ ಬಂದಿತ್ತು. ಅಷ್ಟೂ ಜನ ನಗುತ್ತ ಆ ಸ್ಟೂಲಿನ ಕಡೆಗೆ ನೋಡುತ್ತಿದ್ದರು.

"ಅವರು ಅಲ್ಲಿ ಕೂತಿದ್ದ ಹಾಗೇ ಇದೆ ಭಾವ" ಎಂದಳು ಅವಳು.

ಕತ್ತಲಾಗುವುದರೊಳಗೆ ನಾನೇ ಒಯ್ದು ಕೊಟ್ಟೆ. ಮಗ ಅದನ್ನು ಅಜ್ಜಿಯ ಕಣ್ಣಿಗೆ ಎದುರಾಗಿ, ಬಾಗಿಲ ಮೇಲೆ ತೂಗುಹಾಕಿದ. ಅವಳು ಬಹಳ ಹೊತ್ತು ನೋಡಿದಳು. "ಹೊಲಿಗೆ ಚೆನ್ನಾಗಿ ಬಂದಿದೆ" ಎಂದಳು. ಆಮೇಲೆ ಸೊಸೆಗೆ, "ಇನ್ನು ಆ ಸ್ಟೂಲು ಎತ್ತಮ್ಮಾ, ಅಂಗಡೀಲಿ ಬೇಕಾಗುತ್ತೆ" ಎಂದಳು. ನನ್ನ ತಮ್ಮನ ಮಾತು ತೀರಿತು.

ಮನೆಗೆ ಬಂದು ಕೈಕಾಲು ತೊಳೆದುಕೊಂಡು ಪ್ರಾರ್ಥನೆಗೆ ಹೋದೆ. ಎಂದಿನಂತೆ ಕೋಣೆಯ ಆ ಮೂಲೆಯಲ್ಲಿ ನಿಂತವನು, ಏನನ್ನಿಸಿತೋ, ಮುಂದೆ ಬಂದು ನೆಲದ ಮೇಲೆ ಕೂತೆ. ಮೊಣಕಾಲು ನೋಯುತ್ತಿತ್ತು. ಕಪಾಟಿನ ಸಂದಿಯಲ್ಲಿ ತಾಗಿದ ಹತ್ತಿಯ ಎಳೆ ನನ್ನ ಬಟ್ಟೆಗೆ ಹಾಗೇ ಅಂಟಿತ್ತು. ಅಷ್ಟು ದಿನ ಬಾರದಿದ್ದ ಮಾತು ತಾನಾಗಿ ಬಂತು.

ದೇವರೇ, ನನ್ನ ತಮ್ಮ ನಿನ್ನ ಹತ್ತಿರ ಬಂದಿದ್ದಾನೆ. ಅವನು ಹೋದ ಮನೆಯಲ್ಲೆಲ್ಲ ಯಾರೂ ಕೂರದ ಮೂಲೆ ಹುಡುಕಿ ಕೂರುವವನು. ನಿನ್ನ ಮನೆಯಲ್ಲಿಯೂ ಅವನಿಗೊಂದು ಗಿಡ್ಡ ಆಸನ ಕೊಡು, ನಿನಗೆ ತೀರ ಹತ್ತಿರದಲ್ಲಿ. ಬಸ್ಸಿನ ಕಿಟಕಿಗೆ ಒರಗಿದ ಆ ನಿದ್ದೆಯನ್ನು ಕೆಡಿಸಬೇಡ. ಅವನ ಮಾತಿನಲ್ಲಿ ಬಾಕಿ ಏನೂ ಉಳಿದಿಲ್ಲ, ಅವನ ಕೈ ಹಗುರವಾಗಿರಲಿ. ಇಲ್ಲಿ ಉಳಿದ ನಮ್ಮಿಬ್ಬರ ಚಿಂತೆ ಅವನನ್ನು ತಟ್ಟದಿರಲಿ. ನನ್ನ ತಮ್ಮನಿಗೆ ಶಾಂತಿ ಕೊಡು, ತಂದೆ. ಅವನಿಗೆ ಶಾಂತಿ ಕೊಡು.